ಮೂಡಲ ಮಗ್ಗಲಿನ ಮಾತು

ಫಕ್ಕೀರವ್ವನ ರುಜುವನ್ನು ನಾನು ಹಾಕಿದೆ. ಅದು ಮೊದಲನೆಯ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು — ಅವಳು ಹೇಳು ಅಂದ ಒಂದೇ ಒಂದು ಮಾತನ್ನು, ಹೇಳಬೇಕಾದವರ ಎದುರಿಗೇ ಕುಳಿತು ಹೇಳದೆ ನುಂಗಿದೆ. ಅದರ ಜಾಗದಲ್ಲಿ ನನ್ನದೊಂದು ಮಾತು ಇಟ್ಟೆ. ಎಂಟು ವರ್ಷವಾಯಿತು. ಯಾರೂ ನನ್ನನ್ನು ಹಿಡಿದಿಲ್ಲ. ದಿನ ಹೋದಂತೆ ಭಯ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಗೇಟಿನ ಚಿಲಕ ಸದ್ದಾದರೆ ಈಗಲೂ ನಾನು ಮೊದಲು ನೋಡಿಕೊಳ್ಳುವುದು ನನ್ನ ಹೆಬ್ಬೆರಳನ್ನು.

ನಾನು ಬ್ಯಾಡಗಿಯವಳು, ಮೆಣಸಿನಕಾಯಿ ವ್ಯಾಪಾರದ ಮನೆತನ. ಓದಿದ್ದು ಹಾವೇರಿಯಲ್ಲಿ, ಸಿಸ್ಟರುಗಳ ಶಾಲೆಯಲ್ಲಿ. ಅಲ್ಲಿ ನನಗೆ ಎರಡು ಬಹುಮಾನ ಬಂದಿದ್ದವು — ದುಂಡಗಿನ ಅಕ್ಷರಕ್ಕೆ ಒಂದು, ಇಂಗ್ಲಿಷ್ ಮಾತಾಡುವುದಕ್ಕೆ ಒಂದು. ಮುಂದೆ ಈ ಎರಡು ತಪ್ಪಿಗೂ ಆ ಎರಡು ವಿದ್ಯೆಯೇ ಸಾಕಾಯಿತು. ಶಾಲೆಯ ಚಾಪೆಲಿನ ಮೂಲೆಯಲ್ಲಿ ಕಟ್ಟಿಗೆಯ ಚಿಕ್ಕ ಗೂಡೊಂದಿತ್ತು, ಜಾಳಿಗೆಯ ಕಿಟಕಿ ಇದ್ದದ್ದು. ತಪ್ಪು ಒಪ್ಪಿಕೊಳ್ಳುವ ಜಾಗ ಅಂತ ಸಿಸ್ಟರ್ ಹೇಳಿದ್ದರು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗಿಯರು ಹೊರಗೆ ನಿಂತು, ನಮ್ಮನ್ನು ಒಳಗೆ ಬಿಟ್ಟರೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೆವು. ನನಗೆ ಒಂದೂ ಹೊಳೆಯುತ್ತಿರಲಿಲ್ಲ.

ನಮ್ಮ ಮನೆಯವರು ಫಾರೆಸ್ಟರ್. ಆಗ ನಾವಿದ್ದದ್ದು ರಾಣೇಬೆನ್ನೂರಿನ ಕಡೆ, ಹಲಗೇರಿ ರಸ್ತೆಯಿಂದ ಒಳಗಿನ ಒಂದು ಊರಲ್ಲಿ — ಊರ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ಸಸಿ ಬೆಳೆಸುವ ನರ್ಸರಿ, ಅದರ ಪಕ್ಕ ನಮ್ಮ ಕ್ವಾರ್ಟರ್ಸು. ಅಡಿಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ದಟ್ಟ ಕಾಡೇನಲ್ಲ. ಕಾರೆ, ಬಾರಿ, ತಂಗಡಿ ಗಿಡಗಳು, ನಡುನಡುವೆ ಕಲ್ಲು; ಬೆಳಿಗ್ಗೆ ಒಮ್ಮೊಮ್ಮೆ ಚಿಗರಿಗಳು ಕಿವಿ ನೆಟ್ಟಗೆ ಮಾಡಿ ನಿಂತಿರುತ್ತಿದ್ದವು. ಊರ ಆಡು ಕುರಿ ಮೇಯುವುದು ಅಲ್ಲೇ, ಒಲೆಗೆ ಕಟ್ಟಿಗೆ ಬರುವುದೂ ಅಲ್ಲಿಂದಲೇ.

ಫಕ್ಕೀರವ್ವ ನರ್ಸರಿಯಲ್ಲಿ ಪ್ಲಾಸ್ಟಿಕ್ ಪಾಕೀಟಿಗೆ ಮಣ್ಣು ತುಂಬಲು ಬರುತ್ತಿದ್ದಳು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಗಂಡ ಇಲ್ಲ. ಒಂಬತ್ತು ಆಡು, ಒಂದು ಹೋತು. ನೀರು ಕೇಳಲು ನಮ್ಮ ಹಿತ್ತಲ ಬಾಗಿಲಿಗೆ ಬಂದವಳು ಮೊದಲ ದಿನವೇ ಹೇಳಿದ್ದು ಇದು:

“ಸಾಹೇಬರ ಮುಂದ ಹೇಳಬ್ಯಾಡ್ರಿ ಮತ್ತ, ನಮ್ಮ ಹೋತಿಗೆ ಪಾರೆಸ್ಟರ ಅಂತ ಹೆಸರಿಟ್ಟೇನಿ. ಮುಂಜಾನಿಂದ ಸಂಜೀತನಾ ಎಲ್ಲಾರನೂ ಅಟ್ಟಿಸ್ಕೋಂತ ಅಡ್ಡಾಡತೈತಿ.”

ನಾನು ಹೇಳದೆ ಇರಲಿಲ್ಲ. ಇವರು ಎರಡು ದಿನ ಆ ಹೋತನ್ನು ನೋಡಿದಾಗಲೆಲ್ಲ ನಗುತ್ತಿದ್ದರು. ಒಳ್ಳೆಯ ದಿನಗಳು ಅವು — ಅದನ್ನೂ ಬರೆಯಬೇಕು.

ಕೂಲಿಯವರು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ಒಂದು ಶನಿವಾರ ಫಕ್ಕೀರವ್ವ ಹೆಬ್ಬೆರಳನ್ನು ಗೋಡೆಗೆ ತಿಕ್ಕುತ್ತ ಬಂದಳು.

“ಈ ಮಸಿ ಹೋಗೂದ ಇಲ್ರಿ ಬಾಯಾರ. ರೊಟ್ಟಿ ಬಡದ್ರ ರೊಟ್ಟಿಗೂ ಹೆಬ್ಬೆಟ್ಟು ಬೀಳತೈತಿ.”

“ಹಂಗಾರ ರುಜು ಹಾಕೂದು ಕಲಿ.”

“ಈ ಕೈಲೇ? ಕುಡಗೋಲ ಹಿಡಿಯೂ ಕೈ ರೀ ಇದು.”

ಪರಾತದಲ್ಲಿ ಜೋಳದ ಹಿಟ್ಟು ಹರವಿ, ಅದರ ಮೇಲೆ ಅವಳ ಬೆರಳು ಹಿಡಿದು ತಿದ್ದಿಸಿದೆ. ಒಂದು ತಿಂಗಳು ಹಿಡಿಯಿತು. ಕೊನೆಯ ಅಕ್ಷರದ ಬಾಲವನ್ನು ತುಸು ಮೇಲಕ್ಕೆ ಎಳೆದು ಬಿಡುವುದು ಶಾಲೆಯಿಂದ ನನಗೆ ಅಂಟಿದ ಚಟ, ಅವಳಿಗೂ ಅಂಟಿತು. ಹಾಜರಿ ಪುಸ್ತಕದಲ್ಲಿ ಮೊದಲ ಸಲ ಹೆಸರು ಬರೆದ ದಿನ ಅವಳು ನೆಟ್ಟಗೆ ನಮ್ಮ ಮನೆಗೆ ಬಂದು, ತೊಳೆಯದೇ ಸ್ವಚ್ಛವಿದ್ದ ಹೆಬ್ಬೆರಳನ್ನು ತೋರಿಸಿ ಹೋದಳು. ಅಂದಿನಿಂದ ನಾನು ಬಾಯಾರು ಅಲ್ಲ, ಅಕ್ಕಾರು. ನಮ್ಮ ಕಡೆ ಕಲಿಸುವವರನ್ನು ಹಾಗೆ ಕರೆಯುತ್ತಾರೆ.

ಆ ವರ್ಷವೇ ಪರದೇಶದ ನೆರವಿನ ಯೋಜನೆ ಬಂತು. ಕಾಡಿನ ಹಳೆಯ ನೀತಿ ಸಾಕು, ಹೊಸದಾಗಿ ಕಟ್ಟೋಣ ಅಂತ ದೂರದ ದೇಶದವರು ಸರಕಾರಕ್ಕೆ ಸಹಾಯ ಮಾಡಲು ಮುಂದೆ ಬಂದಿದ್ದರು. ಅವರದು ಒಂದು ಷರತ್ತು — ಕಾಡನ್ನು ಇಲಾಖೆಯೊಂದೇ ಕಾಯಬಾರದು, ಊರವರೂ ಕೂಡಿ ಕಾಯಬೇಕು. ಊರವರನ್ನು ಕೇಳದೆ ಒಂದು ಗುಂಡಿಯನ್ನೂ ತೋಡಬಾರದು. ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳಲೇಬೇಕು. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ಇವರಿಗೆ ಓದಿ ಅರ್ಥ ಹೇಳಿದವಳು ನಾನೇ. ಓದುತ್ತ ನನಗೆ ಸಂತೋಷವಾಗಿತ್ತು. ಇಷ್ಟು ವರ್ಷಕ್ಕೆ ಯಾರೋ ಕೇಳುತ್ತಿದ್ದಾರಲ್ಲ, ಅದೂ ಒಲೆಯ ಮುಂದಿನವರನ್ನು — ಅನಿಸಿತ್ತು. ಆ ಕಾಗದದ ಜೀವ ಇದ್ದದ್ದೇ ಆ ಒಂದು ಸಾಲಿನಲ್ಲಿ. ನಾನು ಕೈ ಹಾಕಿದ್ದೂ ಅಲ್ಲಿಯೇ.

ಊರ ಶಾಲೆಯ ಬಯಲಿನಲ್ಲಿ ಸಭೆ. ಓದು ಬಾರದವರೂ ಹೇಳುವಂತಾಗಲಿ ಅಂತ, ನೆಲದ ಮೇಲೆ ರಂಗೋಲಿ ಪುಡಿಯಿಂದ ಊರು, ಹಳ್ಳ, ಗುಡ್ಡ ಬರೆಸುವ ಪದ್ಧತಿ ಇತ್ತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬರೆದರು. ಫಕ್ಕೀರವ್ವ ಹಸಿರು ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಗುಡ್ಡದ ಪೂರ್ವದ ಕಡೆ ಗೆರೆ ಬಿಟ್ಟಳು.

“ಇದು ನಮ್ಮ ಆಡು ನೀರಿಗಿ ಹೋಗೂ ದಾರಿ ರೀ. ಪಡುವಲ ಮಗ್ಗಲ ತುಂಬ ನೀವು ಗಿಡಾ ಹಚ್ರಿ, ನಾವ ನೀರ ಹೊರತೇವಿ. ಮೂಡಲ ಮಗ್ಗಲ ಅಷ್ಟ ಬಿಡ್ರಿ.”

ಎಲ್ಲರೂ ಹೌದೆಂದರು. ಆದರೆ ಇಷ್ಟು ಗಿಡ ನೆಡಬೇಕೆಂದು ಮೇಲಿನಿಂದ ಬಂದ ಗುರಿಗೆ ಅರ್ಧ ಗುಡ್ಡ ಸಾಲುತ್ತಿರಲಿಲ್ಲ. ಹದಿನೈದು ದಿನದ ಮೇಲೆ ಯೋಜನೆ ಬರೆದು ಓದಿದಾಗ ಅದರಲ್ಲಿ ಆಡು ಕುರಿಗೆ ಗುಡ್ಡವೆಲ್ಲ ಬಂದ್ ಆಗಿತ್ತು. ಫಕ್ಕೀರವ್ವ ಮೊಣಕಾಲಿಗೆ ಕೈ ಊರಿ ಎದ್ದಳು.

“ಮೂಡಲ ಮಗ್ಗಲ ಬಿಟ್ಟು ಬರಕೊಂಡ ಬರ್ರಿ ಸಾಹೇಬ್ರ, ರುಜು ನಾನ ಮೊದಲ ಹಾಕ್ತೇನಿ. ಹೊಸದಾಗಿ ಕಲ್ತೇನಿ, ನನಗೂ ಹಾಕೂ ಆಸೆ ಐತಿ.”

ಹೆಂಗಸರು ನಕ್ಕರು, ನಗುತ್ತಲೇ ಎದ್ದು ಹೋದರು. ಊರವರ ಒಪ್ಪಿಗೆ ಬರೆಯುವ ಠರಾವಿನ ಪುಸ್ತಕದಲ್ಲಿ ಅವರ ಹದಿನಾಲ್ಕು ಹೆಸರುಗಳ ಮುಂದಿನ ಜಾಗ ಹಾಗೆಯೇ ಉಳಿಯಿತು.

ಆ ಒಪ್ಪಿಗೆಯನ್ನು ನೋಡಿಹೋಗಲು ಪರದೇಶದ ತಂಡ ಬರುವುದಕ್ಕೆ ಮೂರು ದಿನವಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಇವರು ರೊಟ್ಟಿ ಮುರಿದವರು ತಿನ್ನಲಿಲ್ಲ.

“ಹೆಣ್ಣಮಕ್ಕಳ ಸಹಿ ಇಲ್ಲಾಂದ್ರ ಈ ಊರ ಯಾದಿಯಿಂದ ತಗೀತಾರ,” ಅಂದರು. “ಅದರ ಕೂಡ ನನ್ನೂ ಇಲ್ಲಿಂದ.”

ಅಷ್ಟೇ ಅಂದದ್ದು. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ನರ್ಸರಿಗೆ ಹೋದರು. ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡದ್ದು — ಅವರು ನನ್ನಿಂದ ಹಾಕಿಸಿದರು ಅಂತ. ಖರೇ ಹೇಳಬೇಕೆಂದರೆ ಅವರು ಪುಸ್ತಕ ಮುಚ್ಚಿಟ್ಟು ಹೋದರು. ತೆರೆದವಳು ನಾನು.

ಯಾಕೆ ತೆರೆದೆ — ಮಗಳನ್ನು ರಾಣೇಬೆನ್ನೂರಿನ ಶಾಲೆಗೆ ಸೇರಿಸಿ ಎರಡು ತಿಂಗಳಾಗಿತ್ತು. ಮತ್ತೆ ಎಲ್ಲಿಗೋ ಎತ್ತಂಗಡಿ, ಮತ್ತೆ ಗಂಟುಮೂಟೆ... ಬರೆಯುತ್ತಿದ್ದಂತೆ ಗೊತ್ತಾಗುತ್ತಿದೆ, ಇದು ಬರೆಯುವಷ್ಟು ದೊಡ್ಡದೇ ಅಲ್ಲ. ಹೆದರಿದೆ. ಅಷ್ಟೇ.

ಹದಿನಾಲ್ಕರಲ್ಲಿ ಹನ್ನೊಂದು ಹೆಬ್ಬೆಟ್ಟು, ಮೂರು ರುಜು. ಇವರ ಚೀಲದಲ್ಲಿ ಮಸಿಯ ಡಬ್ಬಿ ಇತ್ತು. ಎಲ್ಲ ಒಂದೇ ಹೆಬ್ಬೆರಳಿನದಾದರೆ ಯಾರಾದರೂ ಹೋಲಿಸಿ ನೋಡಿದರೆ? ಎರಡೂ ಕೈಯ ಹತ್ತು ಬೆರಳನ್ನು ಒಂದೊಂದಾಗಿ ಒತ್ತಿದೆ. ಇನ್ನೂ ಒಂದು ಹೆಸರು ಉಳಿಯಿತು. ಪುಸ್ತಕವನ್ನು ನೆಲಕ್ಕಿಳಿಸಿ, ಕುರ್ಚಿಯ ಮೇಲೆ ಕುಳಿತು, ಕಾಲಿನ ಹೆಬ್ಬೆರಳು ಒತ್ತಿದೆ. ಆ ಹೆಸರು ಯಾರದಿತ್ತು ಅಂತ ನನಗೆ ನೆನಪಿದೆ. ಅವರಿಗೂ ಹೋಗಿ ಹೇಳಬೇಕು. ಎರಡು ರುಜುಗಳನ್ನು ಬೇರೆ ಬೇರೆ ಪೆನ್ನಿನಲ್ಲಿ, ಕೈ ನಡುಗಿಸಿ ಬರೆದೆ. ಕೊನೆಗೆ ಫಕ್ಕೀರವ್ವನದು. ಅದಕ್ಕೆ ನಡುಗಿಸಬೇಕಾಗಲೇ ಇಲ್ಲ. ಆ ಕೈಯನ್ನು ತಿದ್ದಿದ್ದೇ ನಾನಲ್ಲವೇ — ಸರಾಗವಾಗಿ ಬಂತು, ಕೊನೆಯ ಬಾಲ ಮೇಲಕ್ಕೆ ಎದ್ದು ನಿಂತಿತು. ತಲೆಯೆತ್ತಿದರೆ ಎದುರಿನ ಹಲಗೆಯ ಮೇಲೆ ಹಿಟ್ಟಿನ ಪರಾತವಿತ್ತು.

ನಿಂಬೆಹಣ್ಣು, ಬೂದಿ, ಸೀಮೆಎಣ್ಣೆ — ಏನು ಹಚ್ಚಿ ತಿಕ್ಕಿದರೂ ಬಲ ಹೆಬ್ಬೆರಳಿನ ಉಗುರಿನ ಬುಡದಲ್ಲಿ ನೀಲಿ ಉಳಿಯಿತು. ಸಂಜೆ ಇವರು ಬಂದು ಪುಸ್ತಕ ತೆರೆದು ನೋಡಿದರು, ಮುಚ್ಚಿದರು, ಕೈಕಾಲು ತೊಳೆದು ಚಹಾ ಕೇಳಿದರು.

ತಂಡದಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ನೆರೆತ ಕೂದಲು, ಗಂಡಸರ ಅಂಗಿ, ಕೊರಳಲ್ಲಿ ಕನ್ನಡಕದ ದಾರ, ಕೈಯಲ್ಲಿ ಕಿರುಬೆರಳಷ್ಟೇ ಉಳಿದ ಪೆನ್ಸಿಲು. ನಮ್ಮ ಹೆಂಗಸರು ಅವರನ್ನು ‘ಬಿಳೇ ಬಾಯಾರು’ ಅಂದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ, ನಮ್ಮವರ ಕನ್ನಡವನ್ನು ಇಂಗ್ಲಿಷಿಗೆ ಹೇಳಲು ನನ್ನನ್ನು ಕೂರಿಸಿದರು. ಕೂತೊಡನೆ ಅವರು ಒಂದು ಮಾತು ಹೇಳಿದರು — ಗಂಡಸರೆಲ್ಲ ಸ್ವಲ್ಪ ದೂರ ಹೋಗಲಿ, ಸಾಹೇಬರುಗಳೂ ಹೋಗಲಿ, ಹೆಣ್ಣುಮಕ್ಕಳು ಮನಸ್ಸು ಬಿಚ್ಚಿ ಮಾತಾಡಲಿ. ಇವರು ನನ್ನನ್ನೊಮ್ಮೆ ನೋಡಿ ನರ್ಸರಿಯ ಕಡೆ ನಡೆದರು. ಜಮಖಾನೆಯ ಮೇಲೆ ಉಳಿದದ್ದು ಊರ ಹೆಂಗಸರು, ಬಿಳೇ ಬಾಯಾರು, ನಡುವೆ ನಾನು. ಎರಡೂ ಮಾತು ತಿಳಿಯುವವಳು ಅಲ್ಲಿ ನಾನೊಬ್ಬಳೇ.

ಅವರು ಠರಾವಿನ ಪುಸ್ತಕ ತೆರೆದರು. ಪೆನ್ಸಿಲಿನ ತುದಿ ಹೆಬ್ಬೆಟ್ಟುಗಳ ಸಾಲಿನ ಮೇಲೆ ನಿಧಾನ ಇಳಿಯತೊಡಗಿತು. ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿ ಹಿಡಿದಿದ್ದೆ. ಪೆನ್ಸಿಲು ಒಂದು ಕಡೆ ನಿಂತಿತು — ಎಲ್ಲಕ್ಕಿಂತ ಚೆಂದದ ರುಜುವಿನ ಮೇಲೆ. ಇದು ಯಾರದು, ಅವರನ್ನು ಕಾಣಬೇಕು, ಅಂದರು.

ಫಕ್ಕೀರವ್ವ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತಳು. ಇದು ನಿಮ್ಮ ರುಜುವೇ ಅಂತ ಅವರು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು.

“ಫಕ್ಕೀರವ್ವಾ, ಇದು ನಿನ್ನ ರುಜು ಏನಂತ ಕೇಳಾಕತ್ತಾರ.”

ಅವಳು ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ತಾನು ಬರೆಯದ ತನ್ನ ಹೆಸರನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ; ಸೆರಗು ಮುಚ್ಚಿದ ನನ್ನ ಕೈ ನೋಡಿದಳು. ಹಿಂದೆ ತಿರುಗಿ ಉಳಿದ ಹೆಂಗಸರನ್ನು ನೋಡಿದಳು, ಅವರು ಸುಮ್ಮನಾದರು.

“ಹೌದ್ರಿ,” ಅಂದಳು. “ನಂದ.”

ಬಿಳೇ ಬಾಯಾರು ಅವಳ ಬೆನ್ನು ತಟ್ಟಿದರು. ಈ ಯೋಜನೆಯಲ್ಲಿ ನಿಮಗೆ ಏನಾದರೂ ಬದಲಾಗಬೇಕೆಂದು ಇದೆಯೇ, ಹೆದರದೆ ಹೇಳಿ — ಅಂತ ಕೇಳಿದರು. ಇದನ್ನೂ ನಾನು ಸರಿಯಾಗಿಯೇ ಹೇಳಿದೆ. ಹೇಳುವಾಗ ಏನು ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು.

ಫಕ್ಕೀರವ್ವ ನನ್ನ ಕಡೆ ಬಾಗಿ ಮೆಲ್ಲಗೆ ಅಂದಳು. “ರುಜು ನಂದ ಅಂತ ಹೇಳೇನಿ ಅಕ್ಕಾರ. ಅದು ಇರಲಿ. ಮೂಡಲ ಮಗ್ಗಲ ಆಡಿಗೆ ಬಿಡಬೇಕಂತ, ಇಷ್ಟ ಒಂದ ಮಾತು ಅವರಿಗೆ ದಾಟಸ್ರಿ.”

ಹೇಳಬಹುದಿತ್ತು. ಹೇಳಿದ್ದರೆ ಅವರು ಖಂಡಿತ ಕೇಳುತ್ತಿದ್ದರು — ಹಾಗಾದರೆ ರುಜು ಯಾಕೆ ಹಾಕಿದಿರಿ? ಆಮೇಲೆ ಪೆನ್ಸಿಲು ಮತ್ತೆ ಆ ಸಾಲಿನ ಮೇಲೆ ಇಳಿಯುತ್ತಿತ್ತು. ನಾನು ಬಿಳೇ ಬಾಯಾರ ಕಡೆ ತಿರುಗಿ, ಶಾಲೆಯಲ್ಲಿ ಬಹುಮಾನ ತಂದ ನನ್ನ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ: ಗಿಡಗಳು ಬರುತ್ತಿರುವುದು ಅವರಿಗೆ ಬಹಳ ಸಂತೋಷವಂತೆ, ನಿಮಗೆ ಧನ್ಯವಾದ ಹೇಳುತ್ತಿದ್ದಾರೆ.

ಪೆನ್ಸಿಲು ಅದನ್ನು ಬರೆದುಕೊಂಡಿತು. ಬಿಳೇ ಬಾಯಾರು ಕೈ ಜೋಡಿಸಿದರು. ಫಕ್ಕೀರವ್ವನೂ ಕೈ ಮುಗಿದಳು — ತನ್ನ ಮಾತು ತಲುಪಿತೆಂದು. ಆ ಎರಡು ಜೋಡಿ ಕೈಗಳ ನಡುವೆ ನಾನು ಕುಳಿತಿದ್ದೆ.

ಆರು ತಿಂಗಳ ಮೇಲೆ ಹೊಳೆಯುವ ಕಾಗದದ ಒಂದು ಪುಸ್ತಕ ಬಂತು. ಹೊಸ ನೀತಿ ಹೇಗೆ ಊರವರ ಮಾತಿನ ಮೇಲೆ ಕಟ್ಟಲ್ಪಡುತ್ತಿದೆ ಅಂತ ತೋರಿಸುವ ಪುಸ್ತಕ. ಅದರಲ್ಲಿ ಫಕ್ಕೀರವ್ವನ ಫೋಟೋ. ಕೆಳಗೆ ಅವಳು ಹೇಳಿದಳೆಂದು ನನ್ನ ವಾಕ್ಯ. ಉಳಿದ ಊರುಗಳಿಗೆ ಇದು ಮಾದರಿಯಂತೆ. ನಾನು ಆ ಪುಸ್ತಕವನ್ನು ಹಳೆಯ ಸೀರೆಗಳ ಕೆಳಗೆ ಇಟ್ಟೆ.

ಗುಡ್ಡದ ಸುತ್ತ ಆಳು ಮುಳುಗುವಷ್ಟು ಟ್ರೆಂಚು ತೋಡಿದರು. ಆಡಿನ ದಾರಿ ಕಡಿಯಿತು. ಫಕ್ಕೀರವ್ವ ಕೇಳಲು ಬಂದಾಗ ಕಾವಲುಗಾರ ಠರಾವಿನ ಪುಸ್ತಕ ತೆರೆದು ಹಿಡಿದ.

“ನೀನ ಬರದ ಕೊಟ್ಟೀಯಲ್ಲವಾ. ಪರದೇಶದವರ ಮುಂದ ಹೌದಂತ ಬ್ಯಾರೆ ಅಂದೀದಿ.”

ಅವಳು ನಮ್ಮ ಅಡಿಗೆಮನೆಯ ಕಿಟಕಿಯ ಕಡೆ ನೋಡಿದಳು. ನಾನು ಕಿಟಕಿಯ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತಿದ್ದೆ, ಕೈಯಲ್ಲಿ ಪಾತ್ರೆಯ ಮುಚ್ಚಳ. ಅದು ಎಲ್ಲಿ ಸದ್ದಾಗುತ್ತದೋ ಅಂತ ಎದೆಗೆ ಅವುಚಿಕೊಂಡಿದ್ದೆ. ಆಡುಗಳು ಒಂದೊಂದಾಗಿ ಹೋದವು. ಕೊನೆಗೆ ಆ ಹೋತು. ಅವಳು ನರ್ಸರಿಗೆ ಬರುವುದೂ ನಿಂತಿತು. ಊರು ಬಿಟ್ಟಳು ಅಂತ ಕೇಳಿದೆ. ಎಲ್ಲಿಗೆ ಅಂತ ಕೇಳಲಿಲ್ಲ. ಮುಂದಿನ ವರ್ಷ ಇವರಿಗೆ ಹಾವೇರಿಗೆ ವರ್ಗವಾಯಿತು, ಬಡ್ತಿಯ ಮೇಲೆ.

ಈ ವರ್ಷ ತವರಿಗೆ ಹೋದಾಗ ಅಣ್ಣನ ಗೋದಾಮಿಗೆ ಊಟದ ಡಬ್ಬಿ ಒಯ್ದಿದ್ದೆ. ಒಳಗೆ ಸಾಲಾಗಿ ಹೆಂಗಸರು, ಮೂಗುಬಾಯಿಗೆ ಬಟ್ಟೆ ಸುತ್ತಿಕೊಂಡು, ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನನಗೆ ಒಂದೇ ಸಮ ಸೀನು. ಕಣ್ಣೀರಲ್ಲಿ ಏನೂ ಕಾಣುತ್ತಿಲ್ಲ.

“ಅಕ್ಕಾರ ಅಲ್ಲೇನ್ರಿ?” ಅಂತ ಒಬ್ಬಳು ಮುಖದ ಬಟ್ಟೆ ಇಳಿಸಿದಳು. “ಬ್ಯಾಡಗಿಯವರಾಗಿ ಮೆಣಸಿನಕಾಯಿಗಿ ಸೀನತೀರಿ?”

ಫಕ್ಕೀರವ್ವ. ನನಗೆ ಓಡಿಹೋಗಬೇಕು ಅನಿಸಿತು. ಅವಳ ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು. ಆರಾಮ ಅದೀರಾ, ಮಗಳು ಎಷ್ಟನೇತ್ತ — ಅದೆಲ್ಲ ಕೇಳಿದಳು. ಆಮೇಲೆ ಒಂದು ಕಾಯಿಯ ತೊಟ್ಟು ಮುರಿಯುತ್ತ ಅಂದಳು:

“ಸೊಸಿ ಈಗೂ ಬೈತಾಳ್ರಿ, ನಿಂದಲ್ಲದ ರುಜು ಯಾಕ ಒಪ್ಪಿಕೊಂಡಿ ಅಂತ. ನಾ ಹೇಳತೇನಿ, ಅಕ್ಕಾರಿಗೆ ಏನೋ ತ್ರಾಸ ಇತ್ತವಾ, ಅದಕ್ಕ ಬರದಾರ. ಆದ್ರ ನನ್ನ ಮಾತು ಮಾತ್ರ ದಾಟಸ್ಯಾರ ಅಂತ.” ಸ್ವಲ್ಪ ತಡೆದು ಕೇಳಿದಳು. “ಆ ಬಿಳೇ ಬಾಯಾರು ಇನ್ನ ಏನೂ ತಿಳಿಸಿಲ್ಲೇನ್ರಿ, ಮೂಡಲ ಮಗ್ಗಲದ್ದು?”

ಅದೇ ಗಳಿಗೆಯಲ್ಲಿ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು —

“ಇಲ್ಲ ಫಕ್ಕೀರವ್ವ. ಇನ್ನೂ ಏನೂ ಬಂದಿಲ್ಲ.”

“ದೂರದ ದೇಶ ಅಲ್ರಿ,” ಅಂದಳು ಅವಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ. “ಬರತೈತಿ ತಗೋರಿ.”

ಮೊದಲು ನನಗಿದ್ದದ್ದು ಸಿಕ್ಕಿಬೀಳುವ ಭಯ. ಈಗ ಬೇರೆ ಭಯ — ಅವಳು ಹೀಗೆಯೇ ಕಾಯುತ್ತ ಕಾಯುತ್ತ... ನಾನು ಹೀಗೆಯೇ ಇಲ್ಲ ಅನ್ನುತ್ತ... ಆ ವಾಕ್ಯ ಮುಗಿಸಲು ನನಗೆ ಧೈರ್ಯವಿಲ್ಲ.

ಬರುವ ತಿಂಗಳು ಆ ಗುಡ್ಡದ ಯೋಜನೆಯನ್ನು ಮತ್ತೆ ಬರೆಯುತ್ತಾರಂತೆ. ಹೊಸ ತಂಡ ಬರುತ್ತದಂತೆ. ಹಳೆಯ ಠರಾವು ಇದೆ, ಊರವರು ಒಪ್ಪಿದ್ದಾರೆ, ಅದರ ಮೇಲೆಯೇ ಮುಂದುವರಿಸುವುದು ಅಂತ ಇವರು ಯಾರೊಂದಿಗೋ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ನಿನ್ನೆ ಬೆಳಿಗ್ಗೆ ಇವರಿಗೆ ಹೇಳಿದೆ: ನಾನು ಹೋಗಿ ಹೇಳುತ್ತೇನೆ, ಮೊದಲು ಫಕ್ಕೀರವ್ವನಿಗೆ, ಆಮೇಲೆ ಆ ಸಭೆಯಲ್ಲಿ. ಪುಸ್ತಕ ಬಿಚ್ಚಿ ಹತ್ತು ಬೆರಳನ್ನೂ ಇಟ್ಟು ತೋರಿಸುತ್ತೇನೆ.

ಇವರು ಪೇಪರು ಮಡಿಚಿದರು. “ನಂದು ಇನ್ನ ಎರಡು ವರ್ಷ ಸರ್ವಿಸ್ ಐತಿ,” ಅಂದರು. ಗೊತ್ತು ಅಂದೆ. ಇವತ್ತು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ, ಬಾಗಿಲ ಬಳಿ ನಿಂತು, ನನ್ನ ಕಡೆ ತಿರುಗದೆ ಅಂದರು — “ಬ್ಯಾಡಗಿ ಬಸ್ಸು ಎಂಟಕ್ಕ ಐತಿ.”

ಫಕ್ಕೀರವ್ವ, ಇದನ್ನು ನೀನು ಓದಲಾರೆ. ನಾನು ನಿನಗೆ ಕಲಿಸಿದ್ದು ನಿನ್ನ ಹೆಸರೊಂದನ್ನೇ. ಠರಾವಿನಲ್ಲಿ ಅದನ್ನೂ ನಿನಗಿಂತ ಮೊದಲು ನಾನೇ ಬಳಸಿಕೊಂಡೆ. ನಾಳೆ ಗೋದಾಮಿಗೆ ಬಂದು ನಿನ್ನ ಸಾಲಿನಲ್ಲಿ ಕುಳಿತು ಇದನ್ನು ಪೂರ್ತಿ ಓದಿ ಹೇಳುತ್ತೇನೆ, ನಿನ್ನ ಸೊಸೆಯೂ ಇರಲಿ. ನೀನು ಏನು ಅನ್ನುತ್ತೀಯೋ ನನಗೆ ಗೊತ್ತಿಲ್ಲ. ಬೈದರೆ ತಡೆದುಕೊಂಡೇನು. ‘ತಗೋರಿ ಅಕ್ಕಾರ, ಇರಲಿ’ ಅಂದುಬಿಟ್ಟರೆ — ಅದಕ್ಕೇ ನನಗೆ ಹೆಚ್ಚು ಹೆದರಿಕೆ.

ಬಿಳೇ ಬಾಯಾರು ನಿನ್ನ ಮಾತಿಗೆ ಉತ್ತರ ಕೊಟ್ಟಿಲ್ಲ, ಯಾಕೆಂದರೆ ನಿನ್ನ ಮಾತು ಅವರಿಗೆ ತಲುಪಲೇ ಇಲ್ಲ. ಅದು ಇಲ್ಲೇ ಇತ್ತು, ನನ್ನ ಹತ್ತಿರ. ಮೂಡಲ ಮಗ್ಗಲನ್ನು ಆಡಿಗೆ ಬಿಡಬೇಕು. ಇವತ್ತು ಅದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಒಂದೇ ಸಾಲು ಆಗುತ್ತದೆ, ಅರ್ಧ ಹಾಳೆಯೂ ಬೇಡ.